ಕೆಂಪು ಬಟ್ಟೆ ಕಟ್ಟಿದ್ದ ಸಾಲು

ಮಗಳ ಎರಡನೇ ಜಡೆ ಹೆಣೆಯುತ್ತಿದ್ದೆ. ತುದಿಗೆ ಕಟ್ಟಲೆಂದು ಅವಳು ಕೊಟ್ಟದ್ದು ಒಂದು ಕೆಂಪು ಬಟ್ಟೆಯ ಚೂರು. ನನ್ನ ಕೈ ಅಲ್ಲೇ ನಿಂತಿತು.

"ಇದೆಲ್ಲಿ ಸಿಕ್ತು ಚಿನ್ನಾ?"

"ಮೊನ್ನೆ ತೋಟದಲ್ಲಿ. ಗಿಡಕ್ಕೆ ಕಟ್ಟಿತ್ತು. ಗಿಡಕ್ಕೇನು ಜಡೆ ಇದೆಯಾ? ಅದಕ್ಕೇ ಬಿಚ್ಕೊಂಡೆ."

ಹುಳಕ್ಕೆ ಔಷಧಿ ಹೊಡೆದ ಟೀ ಗಿಡಗಳ ಸಾಲಿಗೆ ಕೆಂಪು ಬಟ್ಟೆ ಕಟ್ಟುತ್ತಾರೆ. ಅದಿರುವಷ್ಟು ದಿನ ಆ ಚಿಗುರು ಮುಟ್ಟುವ ಹಾಗಿಲ್ಲ. ನಿನ್ನೆ ಬಟ್ಟೆ ಕಾಣದೆ ಆ ಸಾಲಿನಲ್ಲಿ ನಾನೇ ಬುಟ್ಟಿ ತುಂಬ ಕಿತ್ತಿದ್ದೆ.

ಅರ್ಧ ಹೆಣೆದ ಜಡೆಯಲ್ಲೇ ಅವಳ ಕೈ ಹಿಡಿದು ಕಾರ್ಖಾನೆಗೆ ಓಡಿದೆ. ದಾರಿಯಲ್ಲಿ ಏನೋ ಕೇಳಹೊರಟವಳು ನನ್ನ ಮುಖ ನೋಡಿ ಸುಮ್ಮನಾದಳು.

ರಾತ್ರಿಯಿಡೀ ಎಲೆ ಬಾಡಿಸುವ ಉದ್ದನೆಯ ಹಾಸು ಖಾಲಿಯಾಗಿತ್ತು. ಎಲೆ ಹಿಸುಕುವ ಯಂತ್ರವನ್ನು ಆಗಲೇ ತೊಳೆಯುತ್ತಿದ್ದರು. ಹಿಸುಕಿದ್ದು ಕಂದು ಬಣ್ಣಕ್ಕೆ ತಿರುಗಲೆಂದು ಹರಡುವ ನೆಲದಲ್ಲೂ ಏನಿಲ್ಲ. ಒಣಗಿಸುವ ಯಂತ್ರದ ಬಳಿ ನನ್ನ ಮೈದುನ ನಿಂತಿದ್ದ.

"ಏನತ್ತಿಗೆ, ಮನೇಲಿ ಟೀ ಪುಡಿ ಮುಗೀತಾ? ಬಿಸಿಬಿಸೀದೇ ಬೇಕಾ?"

"ನಿಲ್ಸಪ್ಪ, ಮೆಷಿನ್ ನಿಲ್ಸು. ಔಷಧಿ ಹೊಡೆದ ಎಲೆ ಕಿತ್ಬಿಟ್ಟಿದೀನಿ ನಾನು."

ಅವನ ನಗು ಇಂಗಿತು. ಎಲ್ಲ ಸಾಲಿನ ಎಲೆಯೂ ಒಂದಾಗಿ, ಕರ್ರಗೆ ಪುಡಿಯಾಗಿ, ಜರಡಿಯಿಂದ ಚೀಲಕ್ಕೆ ಬೀಳುತ್ತಿತ್ತು. ಅದರಲ್ಲಿ ನನ್ನ ಬುಟ್ಟಿಯದು ಯಾವುದು? ಬೊಗಸೆ ತುಂಬಿಕೊಂಡು ನೋಡಿದೆ, ಮೂಸಿದೆ. ಎಲ್ಲವೂ ಒಂದೇ ಘಮ. ಹೊರಗೆ ಲಾರಿಗೆ ಚೀಲ ಏರಿಸುತ್ತಿದ್ದರು.

ಮೇಸ್ತ್ರಿ ಬಂದ. ಮಗಳ ವಿಷಯ ನುಂಗಿಕೊಂಡು ಉಳಿದದ್ದನ್ನೆಲ್ಲ ಹೇಳಿದೆ.

"ಮೆತ್ತಗೆ ಮಾತಾಡಮ್ಮ," ಎಂದ. "ಒಂದು ಬುಟ್ಟಿ ಎಲೆಗೆ ಇಷ್ಟೂ ಚೀಲ ಚೆಲ್ಲೋಕಾಗುತ್ತಾ? ಹರಾಜಾದ್ಮೇಲೆ ಇನ್ನೂ ನಾಲ್ಕು ತೋಟದ ಪುಡಿ ಜೊತೆ ಬೆರೆಸ್ತಾರೆ. ಆಮೇಲೆ ಪ್ಯಾಕೆಟ್ಟು, ಅಂಗಡಿ. ಯಾರ ಮನೆ ಲೋಟಕ್ಕೆ ಹೋಯ್ತು ಅಂತ ಯಾರಿಗೆ ಗೊತ್ತಾಗುತ್ತೆ? ಬಟ್ಟೆ ಬಿಚ್ಚಿದ್ದು ಯಾರು ಅಂತ ಮೇಲಿನೋರು ಕೆದಕಿದ್ರೆ ನಿನ್ನ ಕೆಲಸಾನೂ ಇಲ್ಲ, ಮನೇನೂ ಇಲ್ಲ. ನೋಡ್ಕೋ."

ಕೆಲಸ ಹೋದರೆ ಕಾರ್ಖಾನೆ ಕೊಟ್ಟ ಮನೆಯಿಂದ ಮಗಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ? ಅವಳ ಕೈ ಹಿಡಿದು ಬಾಗಿಲ ಕಡೆ ತಿರುಗಿದೆ.

ಮಗಳು ಕದಲಲಿಲ್ಲ. ಎಳೆದೆ, ಬರಲಿಲ್ಲ. ಅವಳ ಕಣ್ಣು ಲಾರಿಯ ಮೇಲಿತ್ತು. ಚೀಲ ಹೊತ್ತವರೂ ತಿರುಗಿ ನೋಡುವಷ್ಟು ಜೋರಾಗಿ ಕೇಳಿಯೇಬಿಟ್ಟಳು:

"ಅಮ್ಮಾ, ಆ ಟೀ ಕುಡಿದೋರಿಗೆ ಏನಾಗುತ್ತೆ?"