ಕರೆವ್ವನ ತಕರಾರು

“ಮುಳುಗಿ ಸಾಯೋರಿಗೆ ದೋಣಿ ಯಾಕಲೇ ಸೂಳಿಮಗನ? ನೀವು ಬಿದ್ರ ಹೊಳಿ ಮೈಲಿಗಿ ಆಕ್ಕೈತಿ, ನಿಮಗೇನ್ ಆಕ್ಕೈತಿ?”

ಅಣ್ಣಾಸಾಹೇಬ ಪಾಟೀಲ ದಂಡೆಯ ಮೇಲೆ ನಿಂತು ನಕ್ಕ. ಕೆಳಗೆ ಉದ್ದಪ್ಪ ಮಗುಚಿ ಹಾಕಿದ ದೋಣಿಯ ಬೆನ್ನಿಗೆ ಡಾಂಬರು ಬಳಿಯುತ್ತಿದ್ದ. ಕೈ ನಿಲ್ಲಿಸಲಿಲ್ಲ.

“ಕಿವ್ಯಾಗ ಡಾಂಬರ ಹೊಕ್ಕೈತೇನ? ಈ ದೋಣಿ ಠಾಣೆ ಮುಚ್ಚಾಕತ್ತೇವಿ. ಸೋಮವಾರ ಹುಕ್ಕೇರಿಯಿಂದ ಕಾರಕೂನ ಬರ್ತಾನ. ದೋಣಿ ನನಗ, ಆಚೀ ದಂಡಿಯಿಂದ ತಂಬಾಕ ಹೇರಾಕ.”

“ಮಳಿಗಾಲ ಬಂತಲ್ರಿ ಗೌಡ್ರ.”

“ಬರ್ಲಿ. ನಿಮ್ಮ ಕೇರಿ ಹೊಲಸರ ತೊಳಕೊಂಡ ಹೋದೀತು.”

ಅದು ಸರಕಾರದ ದೋಣಿ. ಘಟಪ್ರಭೆಗೆ ನೆರೆ ಬಂದಾಗ ಸಿಕ್ಕಿಬಿದ್ದವರನ್ನು ಹುಡುಕಿ ತರಲೆಂದು ದಡ್ಡಿ ಊರಿನಲ್ಲಿ ಇಟ್ಟಿದ್ದರು. ನಡೆಸುವವರು ಹೊಲಗೇರಿಯ ಉದ್ದಪ್ಪ ಮತ್ತು ಯಲ್ಲಾರಿ. ದೋಣಿ ಬರುವ ಹಿಂದಿನ ವರ್ಷ ಉದ್ದಪ್ಪನ ಹೆಂಡತಿ ಕರೆವ್ವನ ಕೈಯಿಂದಲೇ ಮಗಳು ನೆರೆಗೆ ಜಾರಿ ಹೋಗಿದ್ದಳು. ಬಂದ ಮೇಲೆ ಕೇರಿಯಲ್ಲಿ ಯಾರೂ ನೀರುಪಾಲಾಗಿರಲಿಲ್ಲ. ಪಾಟೀಲನ ತಾಯಿ ಶೆಟ್ಟೆವ್ವನನ್ನೂ ಉದ್ದಪ್ಪನೇ ಮಾಳಿಗೆಯ ಮೇಲಿಂದ ಹೊತ್ತು ಇಳಿಸಿದ್ದ. ದಡ ಸೇರಿದ ಕೂಡಲೇ ಮುದುಕಿಯ ಬಾಯಿಗೆ ಗೋಮೂತ್ರ ಬಿಟ್ಟು ಶುದ್ಧ ಮಾಡಿದರು. ಉದ್ದಪ್ಪನಿಗೆ ಒಂದು ಗುಟುಕು ನೀರು ಹಾಕಿದವರಿಲ್ಲ. ಈಗ ಪಾಟೀಲ ದಿನ್ನೆಯ ಮೇಲೆ ಕಲ್ಲಿನ ವಾಡೆ ಕಟ್ಟಿಸಿದ್ದ. ಹೊಳೆ ಅಷ್ಟೆತ್ತರ ಏರುವುದಿಲ್ಲ.

ಸೋಮವಾರ ಕಾರಕೂನ ಭೀಮರಾಯ ಸಭೆ ಕರೆದದ್ದು ಗುಡಿಯೊಳಗೆ. ಕೇರಿಯವರು ಹೊರಗೆ ಮಳೆಯಲ್ಲಿ ನಿಂತರು. ಅವನು ಗಂಟಲು ಸರಿಮಾಡಿಕೊಂಡು ಕಾಯ್ದೆ ಓದಿದ: ಜನರನ್ನು ಕೇಳದೆ ಠಾಣೆ ಮುಚ್ಚುವಂತಿಲ್ಲ, ಸಭೆಯಲ್ಲಿ ಹಾಜರಿದ್ದ ಒಬ್ಬರಾದರೂ ತಕರಾರು ಹೇಳಿದರೆ, ಮೇಲಿನ ಸಾಹೇಬರು ಬಂದು ನೋಡುವ ತನಕ ದೋಣಿಯನ್ನು ಕದಲಿಸುವಂತಿಲ್ಲ.

“ಯಾರದರ ತಕರಾರ ಐತೇನ್ರಿ?”

ಒಳಗಿದ್ದವರು ಪಾಟೀಲನ ಮುಖ ನೋಡಿದರು. ಪಾಟೀಲ ಅಡಿಕೆ ಅಗಿಯುತ್ತಿದ್ದ.

“ಐತ್ರಿ! ನಮ್ಮದೈತಿ!” ಹೊರಗಿನಿಂದ ಕೇರಿಗೆ ಕೇರಿಯೇ ಕೂಗಿತು.

ಭೀಮರಾಯ ತಲೆ ಎತ್ತಲಿಲ್ಲ. “ಕಾಯ್ದೇದಾಗ ಹಾಜರ ಇದ್ದವರು ಅಂತೈತಿ. ಹೊರಗ ಒದರಿದ್ದ ನಾ ಹೆಂಗ ಬರಕೊಳ್ಳಿ? ಒಳಗ ಬಂದ ಹೇಳ್ರಿ. ಗುಡಿ ಈಗ ಎಲ್ಲಾರಿಗೂ ತೆರದೈತಿ, ಅದೂ ಕಾಯ್ದೇನ. ಬ್ಯಾಡ ಅಂದವರ್ಯಾರು?”

ಬಾಗಿಲಲ್ಲಿ ಪೂಜಾರಿ ಗುರುಲಿಂಗಪ್ಪ ಬಡಿಗೆ ಹಿಡಿದು ನಿಂತಿದ್ದ. ಒಳಗಿದ್ದವರು ಗೊಳ್ಳೆಂದು ನಕ್ಕರು.

ಕರೆವ್ವ ಮೆಟ್ಟಿಲು ಹತ್ತಿದಳು.

“ಏ ರಂಡಿ, ಇಳಿ ಕೆಳಗ!”

ಬಡಿಗೆ ಅವಳ ಹೆಗಲಿಗೆ ಬಿತ್ತು. ಮತ್ತೆ ಬಿತ್ತು. ಕರೆವ್ವ ಬಾಗಿಲನ್ನು ತಬ್ಬಿ ಹಿಡಿದು, ಹೊಡೆತ ತಿನ್ನುತ್ತಲೇ ಒಳಗೆ ನುಗ್ಗಿದಳು. ಸಭೆಯ ಹಿರಿಯರು, ಪೂಜಾರಿ ಎಲ್ಲ ಧೋತರ ಎತ್ತಿಕೊಂಡು “ಮುಟ್ಟಿದ್ಲು, ಮುಟ್ಟಿದ್ಲು” ಎನ್ನುತ್ತ ಇನ್ನೊಂದು ಬಾಗಿಲಿನಿಂದ ಮಳೆಗೆ ಹಾರಿದರು. ಓಡುವ ಅವಸರದಲ್ಲಿ ಪಾಟೀಲನ ತಲೆಯ ಪಟಗಾ ಬಿಚ್ಚಿ ಹೆಗಲಿಗೆ ಜೋತುಬಿತ್ತು. ಕಾರಕೂನನ ಬೆನ್ನಿಗೆ ಗೋಡೆಯಿತ್ತು. ಅವನೊಬ್ಬ ಉಳಿದ.

ಕರೆವ್ವ ಅವನೆದುರು ಕುಳಿತಳು. ಕುಪ್ಪಸದ ತೋಳು ರಕ್ತದಿಂದ ತೊಯ್ದಿತ್ತು.

“ಈಗ ಸಭಾದಾಗ ಹಾಜರ ಇದ್ದಾಕಿ ನಾ ಒಬ್ಬಾಕೀನ. ನನ್ನ ಮಗಳು ಹ್ವಾದಾಗ ದೋಣಿ ಇರಲಿಲ್ರಿ. ಬರಕೋರಿ, ಕರೆವ್ವಂದು ತಕರಾರ ಐತಿ.”

ಭೀಮರಾಯ ಮೈ ಮುದುಡಿಕೊಂಡು ಬರೆದುಕೊಂಡ.

ಮರುದಿನ ಹಾಡಹಗಲೇ ಪಾಟೀಲನ ಆಳು ಹನಮಂತ ದೋಣಿಯ ತಳಕ್ಕೆ ಕೊಡಲಿ ಹಾಕಿದ. ತಡೆಯಲು ಹೋದ ಉದ್ದಪ್ಪನನ್ನು ಉಳಿದ ಆಳುಗಳು ಕೆಸರಿಗೆ ಒತ್ತಿ ಹಿಡಿದರು.

“ದೋಣಿ ಕದಲಿಸಿಲ್ಲ ನೋಡಲೇ,” ಎಂದ ಪಾಟೀಲ. “ಅಲ್ಲೇ ಐತಿ. ಕಾಯ್ದೆ ಪ್ರಕಾರ.”

ಹೊಳೆ ಕೆಂಪಾಗಿ ಏರುತ್ತಿತ್ತು. ಆ ತೂತು ಮುಚ್ಚುವಂಥ ಹಲಗೆ ಕೇರಿಯಲ್ಲಿ ಒಂದೂ ಇರಲಿಲ್ಲ. ಅಲ್ಲಿ ಎಲ್ಲರದೂ ತಟ್ಟಿಯ ಬಾಗಿಲು.

ಗುಡಿಯಲ್ಲಿ ಶುದ್ಧಿ ನಡೆದಿತ್ತು. ಕರೆವ್ವ ತಬ್ಬಿದ ಸಾಗವಾನಿ ಬಾಗಿಲನ್ನು ಕಿತ್ತು, ಸುಡಲೆಂದು ಅಂಗಳಕ್ಕೆ ಒಗೆದಿದ್ದರು. ಗುರುಲಿಂಗಪ್ಪ ಮೆಟ್ಟಿಲಿಗೆ ಸೆಗಣಿನೀರು ಚಿಮುಕಿಸುತ್ತಿದ್ದಾಗ ಕರೆವ್ವ, ಯಲ್ಲಾರಿ, ಕೇರಿಯ ಹೆಂಗಸರು ಬಂದು ಬಾಗಿಲ ಸುತ್ತ ನಿಂತರು.

“ಮತ್ತ ಯಾಕ ಬಂದ್ರಿಲೇ?”

“ಮೈಲಿಗಿ ಬಾಗಲಾ ಒಯ್ಯಾಕ ಬಂದೇವ್ರಿ. ದೇವರಿಗೆ ಬ್ಯಾಡಾಗೈತಂತ. ನಮಗ ಬೇಕಾಗೈತಿ,” ಎಂದಳು ಕರೆವ್ವ.

“ಮುಟ್ಟಿದ್ರ ಕೈ ಕಡಸ್ತೇನಿ!”

“ಮುಟ್ಟಿದ್ದಕ್ಕ ಅಲ್ಲೇನ್ರಿ ನೀವು ಇದನ್ನ ಒಗದದ್ದು? ಕಸಗೊಳ್ಳೂದಿದ್ರ ಬರ್ರಿ, ಹಿಡೀರಿ ಈ ತುದಿ.”

ಮುಂದೆ ಬಂದ ಗುರುಲಿಂಗಪ್ಪ ತನ್ನ ಕೈಯನ್ನೇ ನೋಡಿಕೊಂಡು ನಿಂತುಬಿಟ್ಟ.

ಅವರು ಬಾಗಿಲನ್ನು ಹೆಗಲ ಮೇಲೆ ಹೊತ್ತು, ಊರ ನಡುವಿನ ಹಾದಿಯಲ್ಲೇ, ಪಾಟೀಲನ ವಾಡೆಯ ಮುಂದಿನಿಂದಲೇ ಹೊಳೆಗೆ ಇಳಿದರು. ಉದ್ದಪ್ಪ ಕೆಸರು ಮೆತ್ತಿದ ಮೈಯಲ್ಲೇ ಅದನ್ನು ಕೊಯ್ದು ದೋಣಿಯ ತಳಕ್ಕೆ ಕೂಡಿಸಿದ. ನೀರು ಅವನ ಮೊಣಕಾಲಿಗೆ ಬಂದಿತ್ತು. ಮೇಲಿನ ಹಾದಿಯಲ್ಲಿ ಹನಮಂತ ಮತ್ತು ಉಳಿದ ಆಳುಗಳು ಕೊಡಲಿ ಹಿಡಿದು ಬರುತ್ತಿದ್ದರು. ಉದ್ದಪ್ಪನ ಸುತ್ತಿಗೆ ಗಾಳಿಯಲ್ಲೇ ನಿಂತಿತು.

ಕರೆವ್ವ ದೋಣಿಯ ಹುಟ್ಟು ಎತ್ತಿಕೊಂಡು ಹಾದಿಗೆ ಅಡ್ಡ ನಿಂತಳು.

“ಆ ಕಡೆ ಏನ ನೋಡ್ತಿ? ಅವರನ್ನ ನಾ ನೋಡಕೊಂತೇನಿ. ನೀ ಮೊಳಿ ಹೊಡಿ.”