ಉಲ್ಟಾ ಕೂತ ಪಂಪು

"ಎಣ್ಣೆ ಹೆಂಗ್ ಹಾರ್ತು ಗೊತ್ತಾ? ಹಿಂಗೆ, ಸೀದಾ ಕೂಸಪ್ಪನವರ ಮುಖಕ್ಕೆ!" ಎನ್ನುತ್ತ ಪ್ರತಾಪ್ ಕಾಫಿ ಕಪ್ಪನ್ನು ಮೇಲಕ್ಕೆ ಎಗರಿಸಿ ತೋರಿಸಿದ. ಅರ್ಧ ಕಾಫಿ ಪಕ್ಕದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಚೆಲ್ಲಿತು. ಸಿಂಗಪುರದ ಟೋವಾ ಪಾಯೋದಲ್ಲಿ, ಫ್ಲ್ಯಾಟುಗಳ ಕೆಳಗೆ ತೆರೆದುಕೊಂಡಿದ್ದ ಆ ವಾಯ್ಡ್ ಡೆಕ್ಕಿನಲ್ಲಿ ಕೂತಿದ್ದವರೆಲ್ಲ ಕಿಸಕ್ಕನೆ ನಕ್ಕರು. ನಾಲ್ಕು ಹೆಜ್ಜೆ ಆಚೆ, ಪೆಟ್ಟಿಗೆಯೊಳಗೆ, ಕೂಸಪ್ಪ ಮೂಗಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದರು. ಬದುಕಿದ್ದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅವರೇ.

"ಪಂಪು ಕೂರಿಸಿದ್ದು ಯಾರು, ನಮ್ಮ ಕೀರ್ತನ್ನಾ?" ಅನುಸೂಯಾ ಆಂಟಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದರು. ಗೊತ್ತಿಲ್ಲದೆ ಕೇಳಿದ್ದಲ್ಲ, ಇನ್ನೊಂದು ಸಲ ಕೇಳುವ ಚಪಲ.

"ಇನ್ಯಾರು? ನನ್ ಲಾರಿಗೆ ಪಂಪನ್ನ ಉಲ್ಟಾ ಹಾಕ್ಬಿಟ್ಟಿದ್ದ. ಸ್ಟಾರ್ಟ್ ಮಾಡಿದ್ದೇ ತಡ, ಸೀಲ್ ಒಡೆದು ಢಮಾರ್! ಅವತ್ತಿಂದ ಅವನ ಹೆಸರೇ ಉಲ್ಟಾ. ಏನೋ ಉಲ್ಟಾ, ಸುಳ್ಳಾ?"

ಅಪ್ಪ ಕೂಸಪ್ಪನ ತಲೆಯ ಹತ್ತಿರ ಕೀರ್ತನ್ ದೀಪದ ಬತ್ತಿಯನ್ನು ಇನ್ನಷ್ಟು ಮೇಲೆಳೆದ.

"ಮಂಡಾಯ್ ಸ್ಮಶಾನದಲ್ಲಿ ಎರಡು ಮಾತಾಡಿ ಅಂದಿದಾರೆ. ಅಲ್ಲೂ ಇದನ್ನೇ ಹೇಳ್ತೀನಿ. ಜನ ಸ್ವಲ್ಪ ಹಗುರ ಆಗ್ತಾರೆ," ಎಂದ ಪ್ರತಾಪ್. ಕಟ್ಟಡದ ಸೈಟುಗಳಿಂದ ಮಣ್ಣು ಸಾಗಿಸುವ ಲಾರಿಗಳ ಮಾಲೀಕ ಅವನು. ಸಾವಿನ ಮನೆಗೂ ಸೆಂಟು ಪೂಸಿಕೊಂಡು ಬರುವ ಆಸಾಮಿ.

ಕೂಸಪ್ಪ ಲಾರಿಗಳಿಗೆ ಹೈಡ್ರಾಲಿಕ್ಸ್ ಕೂರಿಸುತ್ತಿದ್ದರು. ಗೇರ್‌ಬಾಕ್ಸಿಗೆ ಪಂಪು, ಕ್ಯಾಬಿನ್ ಹಿಂದೆ ಎಣ್ಣೆ ಟ್ಯಾಂಕು, ಅಲ್ಲಿಂದ ಟ್ರೇಲರಿನ ಜಾಕಿಗೆ ಪೈಪು. ಲಿವರ್ ಎಳೆದರೆ ಟ್ರೇಲರಿನ ತೊಟ್ಟಿ ಮೇಲೆದ್ದು ಮಣ್ಣು ಸುರಿಯಬೇಕು. ಅಷ್ಟೇ ವಿದ್ಯೆ. ಅಷ್ಟಕ್ಕೇ ಆ ಮನುಷ್ಯನ ಜಂಬ ನೋಡಬೇಕಿತ್ತು! ಬೇರೆಯವರ ಕೆಲಸ ಕಂಡರೆ ಸಾಕು, "ಥೂ, ಯಾವ ದನ ಕಾಯೋನು ಮಾಡಿದ್ದು ಮಾರಾಯ್ರೆ ಇದು?" ಸಿಂಗಪುರದಲ್ಲಿ ರಸ್ತೆಗೆ ಉಗಿದರೆ ದಂಡ ಬೀಳುತ್ತದೆ. ಹಾಗಾಗಿ ಅವರು ಮನುಷ್ಯರ ಮೇಲೆ ಮಾತಿನಲ್ಲೇ ಉಗಿಯುತ್ತಿದ್ದರು.

ಉಲ್ಟಾ ಎಂಬ ಆ ಹೆಸರು ಇವತ್ತು ಅಪ್ಪನ ಜೊತೆಗೇ ಸುಟ್ಟು ಹೋಗಬೇಕು ಎಂದುಕೊಂಡ ಕೀರ್ತನ್. ಮಂಡಾಯ್‌ನ ಮೈಕಿಗೆ ಹೋಗುವ ಮುಂಚೆಯೇ ಪ್ರತಾಪನ ಬಾಯಿ ಮುಚ್ಚಿಸಬೇಕು. ಆದರೆ ಬಾಯಿಬಿಟ್ಟರೆ, ಸತ್ತ ಅಪ್ಪನ ತಲೆ ಮೇಲೆ ಗೂಬೆ ಕೂರಿಸಿದ ಎನ್ನುತ್ತಾರೆ.

*

ಆ ಪಂಪಿನ ಗಲಾಟೆಯ ಹೊತ್ತಿಗೆ ಅವನಿಗೆ ಹದಿನೆಂಟು. ಎನ್‌ಎಸ್‌ಗೆ, ಅಂದರೆ ಕಡ್ಡಾಯ ಸೈನ್ಯಸೇವೆಗೆ, ಕರೆ ಬರುವವರೆಗೆ ಸುಂಗೈ ಕದುತ್‌ನ ಅಪ್ಪನ ಶೆಡ್ಡಿನಲ್ಲಿ ಕೆಲಸ ಕಲಿಯುತ್ತಿದ್ದ. ಆ ಕೆಲಸವೆಂದರೆ ಅವನಿಗೆ ಪ್ರಾಣ. ತೊಟ್ಟಿ ನಿಧಾನವಾಗಿ ಏಳುವುದನ್ನು ಬಾಯಿಬಿಟ್ಟುಕೊಂಡು ನೋಡುತ್ತ ನಿಲ್ಲುತ್ತಿದ್ದ.

"ಅಪ್ಪ, ಶಾಫ್ಟ್ ಯಾವ ಕಡೆ ತಿರುಗುತ್ತೆ ಅಂತ ಚೆಕ್ ಮಾಡಿದ್ರಾ? ಈ ಪಂಪ್ ಆ ಕಡೆ ತಿರುಗೋದಲ್ಲ ಅನ್ಸುತ್ತೆ."

ಲಾರಿಯಡಿ ಮಲಗಿದ್ದ ಕೂಸಪ್ಪ ಸ್ಪ್ಯಾನರ್ ಆಡಿಸುತ್ತಲೇ ಹೇಳಿದರು: "ನಿನ್ನೆ ಮೊನ್ನೆ ಕಣ್ಣು ಬಿಟ್ಟವನು ನೀನು. ನಂಗೆ ಕಲಿಸ್ಲಿಕ್ಕೆ ಬರ್ತೀಯಾ?"

ಕೊನೆಯ ಬೋಲ್ಟನ್ನೂ ಅವರೇ ಬಿಗಿದರು. ಅವರು ಹೊರಗೆ ಬರುವಷ್ಟರಲ್ಲಿ ಪ್ರತಾಪನೂ ಗೇಟಿನಿಂದ ನಡೆದು ಬಂದ. ಎಂಜಿನ್ ಶುರುವಾಯಿತು. ಪಂಪಿನ ಸೀಲು ಒಡೆದು, ಬಗ್ಗಿ ನೋಡುತ್ತಿದ್ದ ಕೂಸಪ್ಪನ ಮುಖಕ್ಕೆ ಎಣ್ಣೆ ಹಾರಿತು. ಅವರು ಕಣ್ಣು ಒರೆಸಿಕೊಂಡರು, ಗಿರಾಕಿಯ ಮುಖ ನೋಡಿದರು, ಮಗನ ಮುಖ ನೋಡಿದರು.

"ಇವನೇ ಹಾಕಿದ್ದು. ಪಂಪನ್ನೇ ಉಲ್ಟಾ ಹಾಕಿದಾನೆ, ಮುಂಡೇದು!" ಎಂದು ಕೀರ್ತನ್‌ನ ಕತ್ತಿನ ಮೇಲೆ ಒಂದು ಬಾರಿಸಿದರು.

ರಾತ್ರಿ ಊಟಕ್ಕೆ ಕೂತಾಗಲಾದರೂ ಅಪ್ಪ ಏನಾದರೂ ಹೇಳಿಯಾರು ಎಂದು ಹುಡುಗ ಕಾದ. ಕೂಸಪ್ಪ ಇನ್ನೊಂದು ತುಂಡು ಮೀನು ಹಾಕಿಸಿಕೊಂಡು, ಉಪ್ಪು ಸಾಲದು ಎಂದರು.

ಕತೆ ಎಲ್ಲ ಶೆಡ್ಡುಗಳಿಗೂ ಹರಡಿತು. ಎನ್‌ಎಸ್ ಮುಗಿಸಿ ಬಂದ ಮೇಲೆ, "ಉಲ್ಟಾ ಮುಟ್ಟೋದಾದ್ರೆ ನಮ್ ಲಾರಿ ಬೇಡ" ಎಂದು ಗಿರಾಕಿಗಳು ನಗುತ್ತಲೇ ಹೇಳಿದರು. ಕೂಸಪ್ಪನೂ ಅವರೊಡನೆ ನಕ್ಕರು. ಕೀರ್ತನ್ ಪಾಸಿರ್ ಪಂಜಾಂಗ್‌ನ ಬಂದರು ಟರ್ಮಿನಲ್ಲಿನಲ್ಲಿ ಶಿಫ್ಟ್ ಕೆಲಸಕ್ಕೆ ಸೇರಿದ. ಆಮೇಲೆ ಅವನು ಸ್ಪ್ಯಾನರ್ ಹಿಡಿಯಲಿಲ್ಲ. ಶೆಡ್ಡನ್ನು ಅಪ್ಪ ಕೊನೆಗೆ ಯಾರಿಗೋ ಮಾರಿದರು.

*

ಹೊರಗೆ ಶವದ ವ್ಯಾನ್ ಬಂದು ನಿಂತಿತು. ಪೆಟ್ಟಿಗೆಯನ್ನು ಅದರ ಪಕ್ಕಕ್ಕೆ ತಂದಿಟ್ಟರು. ಲಿಟಲ್ ಇಂಡಿಯಾದಿಂದ ಬಂದಿದ್ದ ತಮಿಳು ಪುರೋಹಿತ ಕೀರ್ತನ್‌ನ ಎಡ ಹೆಗಲ ಮೇಲೆ ನೀರು ತುಂಬಿದ ಮಡಕೆಯಿಟ್ಟು, ಅದಕ್ಕೊಂದು ತೂತು ಹೊಡೆದು, ಹೆಣ ಎಡಕ್ಕೆ ಬರುವಂತೆ ಸುತ್ತಲು ಸನ್ನೆ ಮಾಡಿದ. ಸಾವಿನ ಕ್ರಿಯೆಯಲ್ಲಿ ಸುತ್ತುವುದು ಅಪ್ರದಕ್ಷಿಣೆಯೇ. ಕೀರ್ತನ್ ಹೊರಟ.

"ಲೋ ಲೋ ಲೋ! ಪ್ರದಕ್ಷಿಣೆ ಹಂಗಾ ಹಾಕೋದು? ಅಯ್ಯೋ ಉಲ್ಟಾ, ಇಲ್ಲೂ ಉಲ್ಟಾನೇನೋ!" ಪ್ರತಾಪ್ ಕೂಗಿದ. ಹಿಂದಿನ ಸಾಲಿನಲ್ಲಿ ಯಾರೋ ನಗು ತಡೆಯಲಾರದೆ ಕೆಮ್ಮಿದರು.

"ಕರೆಕ್ಟ್, ಕರೆಕ್ಟ್! ಸಾವಿಗೆ ಹಿಂಗೇ," ಎಂದು ಪುರೋಹಿತ ಸಿಡುಕಿದ.

ಕೀರ್ತನ್ ನಿಂತುಬಿಟ್ಟ. ಮಡಕೆಯ ನೀರು ಅವನ ಬೆನ್ನ ಮೇಲೆ ಇಳಿಯುತ್ತಿತ್ತು.

"ಅಂಕಲ್, ಆ ಪಂಪ್ ಹಾಕಿದ್ದು ನಾನಲ್ಲ. ಅಪ್ಪ."

ಪ್ರತಾಪ್ ಕಕ್ಕಾಬಿಕ್ಕಿಯೇನೂ ಆಗಲಿಲ್ಲ. ಸಣ್ಣ ಮಗುವನ್ನು ರಮಿಸುವವನಂತೆ ಹತ್ತಿರ ಬಂದ.

"ಗೊತ್ತಲ್ಲಪ್ಪ. ಅವತ್ತು ನಾನು ಬೇಗ ಬಂದು ಗೇಟ್ ಹತ್ರ ಕಾರಲ್ಲೇ ಕೂತಿದ್ದೆ. ಲಾರಿ ಕೆಳಗೆ ನಿಮ್ಮಪ್ಪನ ಕಾಲು ಕಾಣ್ತಿತ್ತು. ಅವರು ಸೀನಿಯರ್, ಮುಖಕ್ಕೆ ಹೊಡೆದ ಹಂಗೆ ಹೇಳಕ್ಕಾಗುತ್ತಾ? ಸುಮ್ನೆ ತಮಾಷೆಗೆ ನಿನ್ನ ಹೆಸರು ಹೇಳ್ಕೊಂಡು ಬಂದ್ವಿ. ಅದನ್ನೆಲ್ಲ ಸೀರಿಯಸ್ಸಾಗಿ ತಗೋತಾರಾ?"

ಕೀರ್ತನ್ ಅಮ್ಮನತ್ತ ತಿರುಗಿದ. ಸುಂದರಿ ಪೆಟ್ಟಿಗೆಯ ಅಂಚು ಹಿಡಿದು ನಿಂತಿದ್ದರು.

"ನಿಂಗೂ ಗೊತ್ತಿತ್ತಾ ಅಮ್ಮ?"

"ಅವತ್ತೇ ಹೇಳಿದ್ರು," ಎಂದರು ಸುಂದರಿ, ತಲೆಯೆತ್ತದೆ. "ಅವರ ಹೆಸರು ಹೋದ್ರೆ ಮನೆ ನಡೀತಿತ್ತಾ ಮಗಾ? ನೀನು ಚಿಕ್ಕವ, ಹೆಸರು ಹೋದ್ರೂ ಮತ್ತೆ ಬರ್ತದೆ ಅಂದ್ಕೊಂಡೆ. ಈಗ ಬಿಡು. ಮುಗಿಸು."

ಇವರೆಲ್ಲ ಸೇರಿ ನಕ್ಕಿದ್ದರು. ಗೊತ್ತಿದ್ದೇ ನಕ್ಕಿದ್ದರು. ಕೀರ್ತನ್‌ಗೆ ಅಸಹ್ಯವಾಯಿತು. ಅಪ್ಪನ ಮೇಲೆ, ಅಮ್ಮನ ಮೇಲೆ, ಇಷ್ಟು ವರ್ಷ ತೆಪ್ಪಗಿದ್ದ ತನ್ನ ಮೇಲೂ.

ಅವನು ಮಡಕೆಯನ್ನು ಹೆಗಲಿನಿಂದ ಇಳಿಸಿ ಪ್ರತಾಪನ ಕೈಯಲ್ಲಿಟ್ಟ. "ನೀವೇ ಸುತ್ತಿ ಅಂಕಲ್. ನಿಮಗೆ ಚೆನ್ನಾಗಿ ಗೊತ್ತಲ್ಲ," ಎಂದು ಹೇಳಿ ಬಸ್ ಸ್ಟಾಪಿನ ಕಡೆ ನಡೆದ. ಯಾರು ಕರೆದರೂ ನಿಲ್ಲಲಿಲ್ಲ.

ಕೆಳಗಿಡುವ ಹಾಗಿಲ್ಲ ಎಂದು ಪುರೋಹಿತ ಗದರಿದ. ಪ್ರತಾಪ್ ಮಡಕೆಯನ್ನು ಹೆಗಲಿಗೇರಿಸಿಕೊಂಡ. ತೂತಿನಿಂದ ನೀರು ಅವನ ಶರ್ಟಿನೊಳಗೆ ಇಳಿಯತೊಡಗಿತು. ಒಂದು ಹೆಜ್ಜೆ ಬಲಕ್ಕಿಟ್ಟ, ಹಿಂದೆ ತೆಗೆದ. ಎಡಕ್ಕಿಟ್ಟ, ಅದನ್ನೂ ತೆಗೆದ. ಆಮೇಲೆ ಸುತ್ತ ನಿಂತಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದ. ಯಾರೂ ಅವನಿಗೆ ಯಾವ ಕಡೆ ಎಂದು ಹೇಳಲಿಲ್ಲ.