ಎರಡನೇ ಅರ್ಧಕ್ಕೆ ಯಾರು?

ಅರವತ್ತೊಂದು ತುಂಬುವವರೆಗೂ ಶಿವಪ್ಪನಿಗೆ ಫುಟ್‌ಬಾಲ್ ಎಂದರೆ ಕಾಲಿನಿಂದ ಒದೆಯುವ ಆಟ, ಅಷ್ಟೇ ಗೊತ್ತಿತ್ತು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಫುಟ್‌ಬಾಲೂ ಒಂದಿದೆ ಎಂದು ತೋರಿಸಿಕೊಟ್ಟವಳು ಸೊಸೆ ರೇಣು. ನಿಗಡಿಯ ಶಾಲೆಯೊಂದರಲ್ಲಿ ಆಟದ ಟೀಚರ್ ಆಗಿದ್ದ ಅವಳು ಎರಡು ವರ್ಷದ ಕೆಳಗೆ ಪಿಂಪ್ರಿ-ಚಿಂಚವಾಡದ ಹೆಂಗಸರ ಫ್ಲ್ಯಾಗ್ ಫುಟ್‌ಬಾಲ್ ತಂಡ ಸೇರಿದಳು. ಅಮೆರಿಕದವರ ಫುಟ್‌ಬಾಲಿನಂಥದೇ ಆಟ. ಆದರೆ ಇದರಲ್ಲಿ ಮೈಮೇಲೆ ಬಿದ್ದು ಕೆಡವುವ ಹಾಗಿಲ್ಲ. ಸೊಂಟದ ಬೆಲ್ಟಿಗೆ ಎರಡು ಬಣ್ಣದ ಪಟ್ಟಿ ತೂಗುಬಿಟ್ಟಿರುತ್ತಾರೆ. ಚೆಂಡು ಹಿಡಿದು ಓಡುವವಳ ಪಟ್ಟಿಯನ್ನು ಎದುರಿನವರು ಎಳೆದರೆ ಓಟ ಅಲ್ಲಿಗೇ ನಿಂತಿತು. ಒಬ್ಬಳು ಹಿಂದೆ ನಿಂತು ಚೆಂಡು ಎಸೆಯುತ್ತಾಳೆ. ಮುಂದೆ ಓಡಿಹೋಗಿ ಅದನ್ನು ಹಿಡಿಯುವವರು ರಿಸೀವರುಗಳು. ರೇಣು ರಿಸೀವರ್.

ಮಗ ಶಿವರಾಜನಿಗೆ ತಳೇಗಾಂವದ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ. ಹೀಗಾಗಿ ರವಿವಾರ ಬೆಳಿಗ್ಗೆ ರೇಣುವನ್ನು ಸ್ಕೂಟರಿನಲ್ಲಿ ಮೈದಾನಕ್ಕೆ ಬಿಡುವುದು ಶಿವಪ್ಪನ ಪಾಲಿಗೆ ಬಂತು. ಮೊದಲ ಎರಡು ವಾರ ಬಿಟ್ಟು ಮನೆಗೆ ಹಿಂದಿರುಗಿದ. ಮೂರನೇ ವಾರ ಒಂದು ಚಹಾ ಕುಡಿದು ಹೋದರಾಯಿತೆಂದು ನಿಂತ. ಆಮೇಲೆ ಆಟ ಮುಗಿಯುವವರೆಗೂ ಅಲ್ಲಿಂದ ಕದಲಲಿಲ್ಲ. ಇಂಡಿ ತಾಲೂಕಿನಿಂದ ಬಂದು ಪಿಂಪ್ರಿಯ ಕಾರ್ಖಾನೆಯೊಂದರ ಟೂಲ್ ಸ್ಟೋರಿನಲ್ಲಿ ಮೂವತ್ತನಾಲ್ಕು ವರ್ಷ ಕಳೆದ ಗಂಡನಿಗೆ ಈ ವಯಸ್ಸಿನಲ್ಲಿ ಇಂಥ ಹುಚ್ಚು ಹತ್ತೀತೆಂದು ಶಿವಬಸವ್ವ ಎಣಿಸಿರಲಿಲ್ಲ.

ಮೈದಾನದಲ್ಲಿ ಅವನಿಗೆ ಮಾತಿಗೆ ಸಿಕ್ಕವನು ಮನೋಜ. ನಂಜನಗೂಡಿನ ಕಡೆಯವನು, ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಅವನ ತಂಗಿ ಇಂಪನಾ ಇದೇ ತಂಡದ ಹೊಸ ಆಟಗಾರ್ತಿ. ಅಮೆರಿಕದ ಪಂದ್ಯಗಳನ್ನೆಲ್ಲ ಫೋನಿನಲ್ಲಿ ನೋಡಿ ನೋಡಿ ಮನೋಜ ಪಂಡಿತನಾಗಿದ್ದ. ಶಿವಪ್ಪನಿಗೆ ನಿಯಮ ಕಲಿಸಿದವನು ಅವನೇ. ಕಲಿತ ಮೇಲೆ ಶಿವಪ್ಪ ಅವನ ಮಾತಿಗೆಲ್ಲ ಎದುರು ಮಾತು ಹಾಕತೊಡಗಿದ.

ಈ ಸಲದ ಲೀಗಿನಲ್ಲಿ ತಂಡ ಸೆಮಿಫೈನಲ್ ತಲುಪಿತ್ತು. ಆದರೆ ನಾಲ್ಕು ಜನ ರಿಸೀವರುಗಳ ಪೈಕಿ ಒಬ್ಬಳಿಗೆ ಬೆರಳು ಮುರಿದಿತ್ತು. ಇನ್ನೊಬ್ಬಳಿಗೆ ತೊಡೆಯ ಹಿಂದಿನ ಸ್ನಾಯು ಹಿಡಿದುಕೊಂಡು ಮೂರು ವಾರವಾಗಿತ್ತು. ಉಳಿದವಳು ರೇಣು; ಅವಳ ಬದಲಿಗೆ ಇಳಿಯಲು ಇಂಪನಾ ಒಬ್ಬಳೇ. ಇಂಪನಾ ಆ ವರ್ಷ ಎರಡು ಪಂದ್ಯಗಳಲ್ಲಿ ಸ್ವಲ್ಪ ಹೊತ್ತು ಆಡಿದ್ದಳು; ಬಂದ ಐದು ಚೆಂಡುಗಳಲ್ಲಿ ನಾಲ್ಕನ್ನು ಬಿಟ್ಟಿದ್ದಳು.

"ನಮ್ಮ ಟೀಮಲ್ಲಿ ಡೆಪ್ತೇ ಇಲ್ಲ ಅಂಕಲ್, ಬದಲಿಗೆ ಇಳಿಸೋಕೆ ಜನಾನೇ ಇಲ್ಲ," ಎಂದ ಮನೋಜ, ಸೆಮಿಫೈನಲಿಗೆ ಒಂದು ವಾರ ಇರುವಾಗ. ಇಬ್ಬರೂ ಮೈದಾನದ ಕಟ್ಟೆಯ ಮೇಲೆ ಚಹಾದ ಲೋಟ ಹಿಡಿದು ಕೂತಿದ್ದರು. "ರೇಣು ಅವ್ರೇ ಎರಡೂ ಹಾಫ್ ಆಡ್ಬೇಕು. ಬೇರೆ ದಾರಿ ಇಲ್ಲ."

"ಯಾಕಿಲ್ಲ? ನಿನ್ ತಂಗಿ ಇಲ್ಲೇನು?"

"ಅವಳು ಇನ್ನೂ ರೆಡಿ ಇಲ್ಲ."

"ಹೊರಗs ಕೂಡಿಸಿದ್ರ ಯಾವಾಗ ತಯಾರ ಆಗ್ತಾಳಪಾ? ಸ್ಪೇರ್ ಇಟ್ಕೊಂಡು ಅದನ್ನ ಹಾಕಬಾರದು ಅಂದ್ರ ಅದು ಇದ್ದರ ಏನು, ಇಲ್ಲದಿದ್ದರ ಏನು."

"ಒಂದ್ಸಲನೂ ಟೆಸ್ಟ್ ಮಾಡ್ದೆ ಇರೋ ಸ್ಪೇರನ್ನ ನಿಮ್ ಫ್ಯಾಕ್ಟರೀಲಿ ಹಾಕ್ತಿದ್ರಾ ನೀವು?"

ಇವನು ಸ್ವಂತ ತಂಗಿಯ ವಿರುದ್ಧ ಇಷ್ಟು ಗಟ್ಟಿಯಾಗಿ ಮಾತಾಡುತ್ತಾನಲ್ಲ ಎಂದು ಶಿವಪ್ಪನಿಗೆ ಸೋಜಿಗವಾಯಿತು.

ಬುಧವಾರ ಸಂಜೆ ಶಿವಪ್ಪ ಹಾಲು ತರಲು ಹೊರಟವನು ಮಹಡಿಯ ಮೆಟ್ಟಿಲ ಮೇಲೆ ರೇಣುವನ್ನು ಕಂಡ. ಅವಳು ಶಾಲೆಯಿಂದ ಬರುತ್ತಿದ್ದಳು. ಪಕ್ಕದ ಕಂಬಿ ಹಿಡಿದು, ಬಲಗಾಲು ಮೇಲಿಟ್ಟು, ಎಡಗಾಲನ್ನು ಅದರ ಪಕ್ಕಕ್ಕೆ ಎಳೆದುಕೊಂಡು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಳು. ಮಾವನನ್ನು ಕಂಡು ಸರಿಯಾಗಿ ಹತ್ತಲು ನೋಡಿದಳು, ಆಗಲಿಲ್ಲ.

"ಮೊಣಕಾಲೇನವಾ?"

"ಹೌದ್ರಿ ಮಾವಾರ. ಪ್ರಾಕ್ಟೀಸಿನಾಗ ತಿರುವಿದಂಗಾತು. ಭಾಳ ಏನಿಲ್ಲ."

"ಸಪ್ನಾ ಮೇಡಂಗ ಹೇಳೀಯೇನು?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಸಪ್ನಾ ತಂಡದ ಕೋಚ್. ಆಟಗಾರ್ತಿಯರು ನೋವು ಮುಚ್ಚಿಟ್ಟರೆ ಅವಳಿಗೆ ಸೇರುತ್ತಿರಲಿಲ್ಲ.

"ರವಿವಾರ ಒಂದ ಮ್ಯಾಚ್ ರಿ. ರಾಜ್ಯದ ಟೀಮಿಗೆ ಆರಿಸೋರು ಬರ್ತಾರ. ನನಗ ಈಗ ಇಪ್ಪತ್ತೊಂಬತ್ತು. ಮುಂದಿನ ವರ್ಷ ಯಾರು ಕರೀತಾರ್ರಿ? ನೀವು ಯಾರ ಮುಂದೂ ಹೇಳಬ್ಯಾಡ್ರಿ. ಇವ್ರ ಮುಂದೂ ಬ್ಯಾಡ."

ಶಿವಪ್ಪ ಹೂಂ ಎಂದ. ಹೋದ ವರ್ಷ ಅವನು ಸ್ಕೂಟರಿನಿಂದ ಜಾರಿ ಬಿದ್ದದ್ದನ್ನು ರೇಣು ಗಂಡನಿಗೆ ಹೇಳಿರಲಿಲ್ಲ. ಹೇಳಿದ್ದರೆ ಶಿವರಾಜ ಸ್ಕೂಟರನ್ನೇ ಮಾರಿಸಿಬಿಡುತ್ತಿದ್ದ. ಅಂಥವಳು ಕೇಳಿಕೊಂಡಾಗ ಇಲ್ಲವೆನ್ನಲು ಅವನಿಗೆ ಬಾಯಿ ಬರಲಿಲ್ಲ.

ಸೆಮಿಫೈನಲ್ ತಳೇಗಾಂವ ದಾಭಾಡೆಯ ಮೈದಾನದಲ್ಲಿತ್ತು. ದೂರವೆಂದು ಸ್ಕೂಟರ್ ಬಿಟ್ಟು ಮಾವ ಸೊಸೆ ಲೋಕಲ್ ರೈಲಿನಲ್ಲಿ ಹೋದರು. ಬೆಳಿಗ್ಗೆ ಎಂಟಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಮೆಟ್ಟಿಲುಗಳ ಮೇಲೆ ಮನೋಜ ಜಾಗ ಹಿಡಿದಿಟ್ಟಿದ್ದ. ರೇಣು ಮೊಣಕಾಲಿಗೆ ಕಪ್ಪು ಪಟ್ಟಿ ಸುತ್ತಿಕೊಂಡು ಅದರ ಮೇಲೆ ಉದ್ದ ಪ್ಯಾಂಟು ಹಾಕಿದ್ದಳು. ಅದು ಗೊತ್ತಿದ್ದವನು ಶಿವಪ್ಪ ಒಬ್ಬನೇ.

ಮೊದಲ ಹತ್ತು ನಿಮಿಷ ಅವಳು ಎಂದಿನಂತೆಯೇ ಓಡಿದಳು. ಮೈದಾನದ ಬಲ ಅಂಚಿನಲ್ಲಿ ಓಡಿ, ತಲೆಯ ಮೇಲಿಂದ ಹೋಗುತ್ತಿದ್ದ ಚೆಂಡನ್ನು ನೆಗೆದು ಹಿಡಿದು ಎದುರು ತುದಿಯ ಗೆರೆ ದಾಟಿದಳು. ಆರು ಪಾಯಿಂಟು, ಅದರ ಹಿಂದೆಯೇ ಸಿಗುವ ಹೆಚ್ಚುವರಿ ಅವಕಾಶದಲ್ಲಿ ಇನ್ನೊಂದು. ಮನೋಜ ಎದ್ದು ನಿಂತು ಸೀಟಿ ಹೊಡೆದ. ಶಿವಪ್ಪ ಏಳಲಿಲ್ಲ. ಕೆಳಗಿಳಿದಾಗ ಅವಳ ಎಡಗಾಲು ಒಳಕ್ಕೆ ಬಾಗಿದ್ದನ್ನು ಅವನು ನೋಡಿದ್ದ. ಅಲ್ಲಿಂದ ಮುಂದೆ ಅವನು ಚೆಂಡು ನೋಡಲಿಲ್ಲ, ಆ ಮೊಣಕಾಲನ್ನೇ ನೋಡಿದ. ಎರಡು ಸಲ ಅವಳು ಅದನ್ನು ಮುಟ್ಟಿಕೊಂಡಳು. ಒಂದು ಸಲ ತಿರುಗಬೇಕಾದಲ್ಲಿ ತಿರುಗದೆ ನೇರ ಓಡಿದಳು.

ಮೊದಲ ಅರ್ಧ ಮುಗಿದಾಗ ಹದಿಮೂರು–ಹನ್ನೆರಡು. ಒಂದು ಪಾಯಿಂಟಿನಿಂದ ತಮ್ಮವರೇ ಮುಂದೆ.

"ಇನ್ನಿಪ್ಪತ್ತು ನಿಮಿಷ ರೇಣು ಅವ್ರು ಹಿಂಗೇ ಆಡಿಬಿಟ್ರೆ ಫೈನಲ್ ನಮ್ದೇ," ಎಂದ ಮನೋಜ.

"ಈಗ ಇಂಪನಾನ್ನ ಇಳಸ್ಬೇಕು," ಎಂದ ಶಿವಪ್ಪ.

"ಏನ್ ಅಂಕಲ್ ನೀವು? ಲೀಡಲ್ಲಿರುವಾಗ ಬೆಸ್ಟ್ ರಿಸೀವರನ್ನ ತೆಗೀತಾರಾ ಯಾರಾದ್ರೂ?"

"ಎದುರಿನವರಿಗೆ ರೇಣುನ ಓಟ ತಿಳದದ. ಹೊಸಾಕಿ ಬಂದ್ರ ಅವರಿಗೆ ಅಂದಾಜು ಸಿಗೂದಿಲ್ಲ."

"ಅದೆಲ್ಲಾ ಸುಮ್ನೆ." ಮನೋಜನ ದನಿ ಏರಿತು. "ಹೋದ ವಾರನೂ ಇದೇ ಹೇಳಿದ್ರಿ. ನನ್ ತಂಗೀನ ಒಳಗೆ ತಳ್ಳೋಕೆ ನಿಮಗ್ಯಾಕೆ ಇಷ್ಟು ಅವಸರ? ಹೋದ ಮ್ಯಾಚಲ್ಲಿ ಚೆಂಡು ಬಿಟ್ಟಳಲ್ಲ, ಮನೆಗೆ ಬಂದು ರೂಮ್ ಬಾಗಿಲು ಹಾಕ್ಕೊಂಡು ಅತ್ತಳು. ನಿನ್ನೆ ನಂಗೆ ಏನಂದ್ಲು ಗೊತ್ತಾ? 'ಅಣ್ಣಾ, ನನ್ನ ಕರೀದೇ ಇದ್ರೆ ಸಾಕು' ಅಂದ್ಲು. ಇವತ್ತು ಇಷ್ಟು ಜನರ ಮುಂದೆ ಬಿಟ್ರೆ ಅವಳು ಮತ್ತೆ ಗ್ರೌಂಡಿಗೆ ಕಾಲಿಡಲ್ಲ."

ಇಷ್ಟು ದಿನದ ವಾದದ ಬುಡ ಇಲ್ಲಿತ್ತೇ ಎಂದು ಶಿವಪ್ಪನಿಗೆ ಆಗ ಗೊತ್ತಾಯಿತು. ತನ್ನ ವಾದವೂ ಇವತ್ತು ಅಂಥದ್ದೇ ಎಂದು ಹೇಳದೆ ಇರಲು ಮನಸ್ಸಾಗಲಿಲ್ಲ.

"ನಮ್ಮ ರೇಣುನ ಮೊಣಕಾಲಿಗೆ ಪೆಟ್ಟಾಗ್ಯಾದಪಾ," ಎಂದ ಮೆಲ್ಲಗೆ. "ಬುಧವಾರದಿಂದ ಮೆಟ್ಟಿಲ ಹತ್ಲಿಕ್ಕೆ ಬರವಲ್ದು. ಯಾರಿಗೂ ಹೇಳಬ್ಯಾಡ್ರಿ ಅಂತ ಮಾತು ತಗೊಂಡಾಳ."

ಮನೋಜ ಮೈದಾನದ ಕಡೆ ನೋಡಿದ. ಕೆಳಗೆ ರೇಣು ನಿಂತುಕೊಂಡೇ ನೀರು ಕುಡಿಯುತ್ತಿದ್ದಳು, ಉಳಿದವರೆಲ್ಲ ಕೂತಿದ್ದರು.

"ಹಾಗಾದ್ರೆ ಹೇಳ್ಲೇಬೇಕು ಅಂಕಲ್," ಎಂದ. "ನಿಮಗೆ ಕಷ್ಟ ಆದ್ರೆ ನಾನು ಹೋಗಿ ಹೇಳ್ತೀನಿ."

"ಇಂಪನಾ ಇಳೀಬೇಕಾಗ್ತದ."

"ಗೊತ್ತು."

"ನೀ ಕೂಡು. ಬೈಸ್ಕೊಳ್ಳೂದಿದ್ರ ನಾನs ಬೈಸ್ಕೊಂತೀನಿ."

ಶಿವಪ್ಪ ಮೆಟ್ಟಿಲಿಳಿದು ಮೈದಾನದ ಅಂಚಿನಲ್ಲಿ ನಿಂತಿದ್ದ ಸಪ್ನಾಳ ಹತ್ತಿರ ಹೋಗಿ ಮರಾಠಿಯಲ್ಲಿ ಎರಡೇ ಮಾತು ಹೇಳಿದ. ಸಪ್ನಾ ಕೂಡಲೇ ರೇಣುವನ್ನು ಕರೆದು, ಎಡಗಾಲಿನ ಮೇಲೆ ನಿಂತು ಐದು ಸಲ ಕುಪ್ಪಳಿಸಲು ಹೇಳಿದಳು. ರೇಣು ಎರಡು ಸಲ ಕುಪ್ಪಳಿಸಿದಳು. ಮೂರನೆಯದಕ್ಕೆ ಕಾಲು ಎದ್ದೇಳಲಿಲ್ಲ. ಸಪ್ನಾ ಅವಳ ಬೆಲ್ಟು ಬಿಚ್ಚಿಸಿ ಇಂಪನಾಳ ಕೈಗೆ ಕೊಟ್ಟಳು. ರೇಣು ಬೆಂಚಿನ ಮೇಲೆ ಕೂತು ಮಾವನ ಕಡೆ ಒಂದು ಸಲ ನೋಡಿದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಎಂದುಕೊಳ್ಳುತ್ತ ಶಿವಪ್ಪ ಮೆಟ್ಟಿಲು ಹತ್ತಿ ಬಂದ.

ಇಂಪನಾ ಮೊದಲ ಚೆಂಡು ಬಿಟ್ಟಳು. ಮನೋಜ ತಲೆ ತಗ್ಗಿಸಿಕೊಂಡ. ಎರಡನೆಯದನ್ನು ಎದೆಗವಚಿ ಹಿಡಿದು ನಾಲ್ಕು ಹೆಜ್ಜೆ ಹೋದಳು. ಎದುರಿನವರು ಆರು ಪಾಯಿಂಟು ಗಳಿಸಿ ಹದಿನೆಂಟಕ್ಕೆ ಮುಟ್ಟಿದರು. ಕೊನೆಯ ನಿಮಿಷದಲ್ಲಿ ತಮ್ಮವರಿಗೆ ಒಂದೇ ಒಂದು ಎಸೆತ ಉಳಿದಿತ್ತು, ಗೆರೆ ದಾಟಿದರೆ ಗೆಲುವು. ಚೆಂಡು ಎಡಗಡೆ ಇಂಪನಾಳ ಕಡೆಗೇ ಬಂತು. ಅವಳು ಹಿಡಿದಳು. ಹಿಡಿದು ತಿರುಗಿ ಓಡಿದಳು. ಗೆರೆಗೆ ಎರಡು ಹೆಜ್ಜೆ ಇರುವಾಗ ಹಿಂದಿನಿಂದ ಬಂದವಳು ಅವಳ ಪಟ್ಟಿ ಎಳೆದಳು. ಪಂದ್ಯ ಮುಗಿಯಿತು.

"ಹಿಡಿದ್ಲು," ಎಂದ ಮನೋಜ. ಸೋತದ್ದು ಅವನ ತಲೆಗೆ ಹೋಗಿಯೇ ಇರಲಿಲ್ಲವೆಂದು ಕಾಣುತ್ತದೆ. "ನೋಡಿದ್ರಾ ಅಂಕಲ್, ಹಿಡಿದ್ಲು."

ಮಾವ ಸೊಸೆ ಲೋಕಲ್ ರೈಲಿನಲ್ಲಿ ಹಿಂದಿರುಗಿದರು. ದೇಹೂ ರೋಡ್ ಸ್ಟೇಷನ್ ಬರುವವರೆಗೂ ರೇಣು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಆಮೇಲೆ, "ಮಾತು ಕೊಟ್ಟಿದ್ರಿ ಮಾವಾರ," ಎಂದಳು.

"ಕೊಟ್ಟಿದ್ದೆ."

ಮನೆಗೆ ಹತ್ತಿರದ ಆಕುರ್ಡಿಯಲ್ಲಿ ಇಳಿಯುವಾಗ ಶಿವಪ್ಪ ಅವಳ ಚೀಲ ಎತ್ತಿಕೊಳ್ಳಲು ಹೋದ. ಅವಳು ತಾನೇ ಹೆಗಲಿಗೆ ಹಾಕಿಕೊಂಡಳು.

ಡಾಕ್ಟರು ಸ್ಕ್ಯಾನ್ ನೋಡಿ, ಮೂಳೆಗಳ ನಡುವಿನ ಮೆತ್ತೆ ಒಂದಿಷ್ಟು ಹರಿದಿದೆ, ಆಪರೇಷನ್ ಬೇಡ, ಎರಡು ತಿಂಗಳು ಓಡಬಾರದು ಎಂದರು. ಆ ಇಪ್ಪತ್ತು ನಿಮಿಷ ಆಡಿದ್ದರೆ ಏನಾಗುತ್ತಿತ್ತು ಎಂದು ರೇಣು ಕೇಳಿದಳು. ಡಾಕ್ಟರು ಭುಜ ಕುಣಿಸಿದರು. ಪೂರ್ತಿ ಹರಿಯಬಹುದಿತ್ತು, ಏನೂ ಆಗದೆಯೂ ಇರಬಹುದಿತ್ತು. ಈಗ ಹೇಳಲು ಬರುವುದಿಲ್ಲ ಎಂದರು. ರೇಣು ಮಾವನ ಕಡೆ ತಿರುಗಿ, "ಕೇಳಿದ್ರಿಲ್ಲ?" ಎಂದಳು. ಶಿವಪ್ಪ ಹೌದೆಂದು ತಲೆಯಾಡಿಸಿದ. ಅವರು ಖಂಡಿತವಾಗಿ ಏನಾದರೂ ಹೇಳಿದ್ದರೆ ಅವನಿಗೂ ಸಮಾಧಾನವಾಗುತ್ತಿತ್ತು.

ರಾಜ್ಯದ ತಂಡದ ಹೆಸರುಗಳು ಬಂದವು. ಅದರಲ್ಲಿ ರೇಣುವಿನ ಹೆಸರಿರಲಿಲ್ಲ. ಹತ್ತು ಹನ್ನೆರಡು ದಿನ ಅವಳು ಮಾವನಿಗೆ ಚಹಾ ಕೊಟ್ಟಳು, ಊಟಕ್ಕೆ ಕರೆದಳು, ಬೇರೆ ಮಾತಿಲ್ಲ. ಶಿವರಾಜ ಎಲ್ಲ ಕೇಳಿಸಿಕೊಂಡು, "ಅಪ್ಪಾ, ನೀವು ನನಗರ ಹೇಳಬೇಕಿತ್ತು," ಎಂದ. ಶಿವಬಸವ್ವ, "ಆಡಾಕಿ ಆಕಿ, ಕಾಲು ಆಕೀದು, ನಡುವ ನಿಮ್ಮದೇನ್ರಿ?" ಎಂದು ಕೇಳಿದಳು. ಶಿವಪ್ಪ ಆ ಎರಡು ರವಿವಾರ ಮೈದಾನದ ಕಡೆ ಹೋಗಲಿಲ್ಲ.

ಎರಡನೇ ರವಿವಾರ ಹನ್ನೊಂದರ ಸುಮಾರಿಗೆ ಮನೋಜನ ಫೋನು ಬಂತು. ಇಂಪನಾ ಈಗ ದಿನಾ ಪ್ರಾಕ್ಟೀಸಿಗೆ ಹೋಗುತ್ತಿದ್ದಾಳಂತೆ. ಆದರೆ ಎಡಗಡೆಯ ಚೆಂಡು ಇನ್ನೂ ಕೈಗೆ ಸರಿಯಾಗಿ ಕೂರುತ್ತಿಲ್ಲವಂತೆ. ಶಿವಪ್ಪ ಪಡಸಾಲೆಯಲ್ಲಿ ಅಡ್ಡಾಡುತ್ತ ಮೊದಲಿನಂತೆ ವಾದಕ್ಕಿಳಿದ.

"ಆಕಿ ಚೆಂಡು ಬರೂಕಿಂತ ಮೊದಲs ಓಡೂ ವಿಚಾರ ಮಾಡ್ತಾಳ. ಅದs ತಪ್ಪು ನೋಡು."

"ಅದಲ್ಲ," ಎಂದು ಒಳಗಿನಿಂದ ದನಿ ಬಂತು. ರೇಣು ಕಾಲಿನ ಕೆಳಗೆ ದಿಂಬಿಟ್ಟುಕೊಂಡು ಮಂಚದ ಮೇಲೆ ಕೂತಿದ್ದಳು. "ಆಕಿ ಹೆಬ್ಬೆರಳು ಹೊರಗ ಮಾಡಿ ಹಿಡೀತಾಳ್ರಿ. ಎದಿಗಿಂತ ಮ್ಯಾಲ ಬರೂ ಚೆಂಡಿಗೆ ಹೆಬ್ಬೆರಳು ಒಳಗಿರಬೇಕು. ತಪ್ಪು ಓಟದ್ದಲ್ಲ, ಕೈಯದು."

ಶಿವಪ್ಪ ಬಾಗಿಲಲ್ಲಿ ನಿಂತ. "ಅಲ್ಲವಾ, ಸೆಮಿಫೈನಲಿನಾಗ ಮೊದಲನೇ ಚೆಂಡು..."

"ಅವತ್ತು ನಾ ಬೆಂಚಿನ ಮ್ಯಾಲs ಕೂತಿದ್ನಿ ಮಾವಾರ. ನಿಮಗಿಂತ ಹತ್ತರದಿಂದ ನೋಡೀನಿ."

ಶಿವಪ್ಪನಿಗೆ ಅದು ಚುಚ್ಚಿತು. ಫೋನಿನಲ್ಲಿ ಮನೋಜ, "ಅಂಕಲ್, ಹೆಬ್ಬೆರಳು ಅಂದ್ರಾ? ಯಾರು ಹೇಳ್ತಿರೋದು?" ಎಂದು ಕೇಳುತ್ತಿದ್ದ. ರೇಣು ಕೈ ಚಾಚಿದಳು. "ಕೊಡ್ರಿಲ್ಲೆ. ನೀವು ಏನೇನೋ ಹೇಳಿ ಆ ಹುಡುಗೀನ ಕೆಡಸ್ತೀರಿ."

ಶಿವಪ್ಪ ಫೋನನ್ನು ಅವಳ ಕೈಗಿಟ್ಟು, ಮಂಚದ ಪಕ್ಕದ ಕುರ್ಚಿ ಎಳೆದುಕೊಂಡು ಕೂತ. ಅವಳು ಹೋಗೆನ್ನಲಿಲ್ಲ. ಇಂಪನಾಳನ್ನೇ ಫೋನಿಗೆ ಕರೆಯಲು ಹೇಳಿ, ಗೋಡೆಗೆ ಚೆಂಡೆಸೆದು ದಿನಕ್ಕೆ ಇನ್ನೂರು ಸಲ ಹಿಡಿಯುವುದು ಹೇಗೆಂದು ಶಾಲೆಯ ಮಕ್ಕಳಿಗೆ ಹೇಳುವ ದನಿಯಲ್ಲಿ ಹೇಳತೊಡಗಿದಳು. ನಡುವೆ ಒಮ್ಮೆ ಶಿವಪ್ಪ ಬಾಯಿ ಹಾಕಲು ಹೋದ. ಅವಳು ಸುಮ್ಮನಿರಿ ಎಂದು ಕೈಸನ್ನೆ ಮಾಡಿದಳು.